ಕಾಂಕ್ರೀಟ್ ಮೆಟ್ಟಿಲಿಗೆ ಮರದ ಹೊದಿಕೆ: ಅವಸರ ಮಾಡಬೇಡಿ

ಉಡುಪಿ, ಮಂಗಳೂರು ಕಡೆ ಹೊಸ ಮನೆ ಕಟ್ಟಿಸುತ್ತಿರುವವರೇ, ಮೆಟ್ಟಿಲಿಗೆ ಮರದ ಹೊದಿಕೆ ಹಾಕಿಸುವ ಯೋಚನೆಯಿದ್ದರೆ ದಯವಿಟ್ಟು ತಡೆಯಿರಿ. ನಾವು ತಡೆಯಲಿಲ್ಲ. ಅಮ್ಮ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಮಲ್ಪೆ ಹತ್ತಿರದ ನಮ್ಮ ಮನೆಯ ಮೆಟ್ಟಿಲಿಗೆ ಕಾಂಕ್ರೀಟ್ ಹಾಕಿದ್ದು ಡಿಸೆಂಬರ್ ಕೊನೆಗೆ. ಮೇ ತಿಂಗಳಲ್ಲಿ ಮನೆ ಒಕ್ಕಲು, ಹಾಗಾಗಿ ಏಪ್ರಿಲ್‌ನಲ್ಲೇ ಹಲಗೆ ಕೂರಿಸಿದೆವು. ಒಣಗಿದೆಯೇ ಎಂದು ಕೇಳಿದ್ದಕ್ಕೆ ಕೆಲಸದವರು, "28 ದಿನ ಕ್ಯೂರಿಂಗ್ ಆಗಿದೆಯಲ್ಲ" ಎಂದರು. ನಂಬಿದೆ. ಕ್ಯೂರಿಂಗ್ ಎಂದರೆ ನೀರು ಹಾಕಿ ಕಾಂಕ್ರೀಟನ್ನು ಹಸಿಯಾಗಿಡುವುದು. 28 ದಿನ ಅದು ಗಟ್ಟಿಯಾಗುವ ಲೆಕ್ಕ, ಒಣಗುವ ಲೆಕ್ಕವಲ್ಲ. ಒಂದು ಇಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಬೇಕೆಂಬ ಅಂದಾಜಿದೆ, ಅದೂ ಒಣ ಹವೆಯಲ್ಲಿ. ನಮ್ಮ ಮೆಟ್ಟಿಲಿನ ಚಪ್ಪಡಿಯೇ ಆರು ಇಂಚು. ಸಮುದ್ರದ ಪಕ್ಕದಲ್ಲಿ ಇನ್ನೂ ತಡ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿಯುವಷ್ಟರಲ್ಲಿ ಹಲಗೆಗಳ ಅಂಚು ಉಬ್ಬಿ ಬರಿಗಾಲಿಗೆ ತಗಲತೊಡಗಿತು. ಒಂದನ್ನು ಎಬ್ಬಿಸಿ ನೋಡಿದೆ. ಕೆಳಗಿನ ಫೋಮ್ ಹಾಳೆಯ ಅಡಿಯಲ್ಲಿ ನೀರಿನ ಹನಿಗಳು ಸಾಲಾಗಿ ಕುಳಿತಿದ್ದವು. ಹಲಗೆಯ ಬೆನ್ನಿಗೆ ಕಪ್ಪು ಬೂಷ್ಟು. ಅಂಚನ್ನು ಉಗುರಿನಿಂದ ಒತ್ತಿದರೆ ನೆನೆದ ರಟ್ಟಿನಂತೆ ಕುಸಿಯಿತು. ಅದು ಲ್ಯಾಮಿನೇಟ್: ಒಳಗೆ ಒತ್ತಿ ಮಾಡಿದ ಮರದ ನಾರು, ಮೇಲೆ ಮರದ ಚಿತ್ರ. ನೆಲದ ಮೇಲೆ ಅದನ್ನು ಅಂಟಿಲ್ಲದೆ ಒಂದಕ್ಕೊಂದು ಸಿಕ್ಕಿಸಿ ಹಾಸುತ್ತಾರೆ. ಮೆಟ್ಟಿಲಿನಲ್ಲಿ ಹಾಗೆ ಮಾಡಲೇಬಾರದು, ಪ್ರತಿ ಹಲಗೆಯೂ ಪೂರ್ತಿ ಅಂಟಿಕೊಂಡಿರಬೇಕು. ನಮ್ಮಲ್ಲಿ ಅಂಚಿನ ಪಟ್ಟಿಗೆ ಮಾತ್ರ ನಾಲ್ಕು ಚುಕ್ಕಿ ಸಿಲಿಕೋನ್ ಹಚ್ಚಿದ್ದರು.

ಆದರೆ ಅಮ್ಮ ಬಿದ್ದದ್ದು ಉಬ್ಬಿದ ಜಾಗದಲ್ಲಲ್ಲ. ಇಳಿಯುವಾಗ ಕಟ್ಟಕಡೆಯ ಮೆಟ್ಟಿಲಿನಲ್ಲಿ. ಎಲ್ಲ ಮೆಟ್ಟಿಲೂ 165 ಮಿ.ಮೀ. ಎತ್ತರವಿತ್ತು. ಹಲಗೆ, ಫೋಮ್ ಸೇರಿ ಪ್ರತಿ ಮೆಟ್ಟಿಲೂ 15 ಮಿ.ಮೀ. ಏರಿತು, ಕೆಳಗಿನ ಟೈಲ್ಸ್ ನೆಲವೂ ಮೇಲಿನ ಮಹಡಿಯ ನೆಲವೂ ಇದ್ದಲ್ಲೇ ಇದ್ದವು. ಹೀಗಾಗಿ ಅತ್ಯಂತ ಕೆಳಗಿನ ಮೆಟ್ಟಿಲು 180 ಆಯಿತು, ಮೇಲಿನದು 150ಕ್ಕೆ ಇಳಿಯಿತು. ಕಣ್ಣಿಗೆ ಕಾಣದ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ನೆಲ ಸಿಗಬೇಕಾದಲ್ಲಿ ಸಿಗಲಿಲ್ಲ ಎಂದು ಅಮ್ಮ ಆಸ್ಪತ್ರೆಯಲ್ಲಿ ಹೇಳಿದಾಗಲೇ ನಾನು ಟೇಪ್ ಹಿಡಿದು ಅಳೆದದ್ದು. ಹೊದಿಕೆಯ ದಪ್ಪವನ್ನು ಕಾಂಕ್ರೀಟ್ ಹಾಕುವ ಮೊದಲೇ ಮೇಸ್ತ್ರಿಗೆ ತಿಳಿಸಿ, ಕೆಳಗಿನ ಮತ್ತು ಮೇಲಿನ ಮೆಟ್ಟಿಲಿನ ಎತ್ತರವನ್ನು ಆ ಲೆಕ್ಕದಲ್ಲೇ ಕಟ್ಟಿಸಿ.

ತೇವ ನೋಡಲು ಮೀಟರ್ ಇರುವವರನ್ನೇ ಕರೆಸಿ. ಅದಕ್ಕೂ ಮೊದಲು ನೀವೇ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಲ್ಯಾಂಡಿಂಗ್ (ಮೆಟ್ಟಿಲುಗಳ ನಡುವಿನ ಅಗಲ ಕಟ್ಟೆ) ಮೇಲೆ ನಾಲ್ಕೂ ಕಡೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕಂಡರೆ ಅಥವಾ ಸಿಮೆಂಟ್ ಕಪ್ಪಾದರೆ ಹಲಗೆಯ ಮಾತೇ ಬೇಡ. ಕಾಣದಿದ್ದರೂ ಒಳಗೆ ಒಣಗಿದೆ ಎನ್ನುವ ಹಾಗಿಲ್ಲ.

ನಾವು ಹಲಗೆಗಳನ್ನೆಲ್ಲ ಕಿತ್ತು ಹಾಕಿದ್ದೇವೆ. ನಿನ್ನೆ ಲ್ಯಾಂಡಿಂಗ್‌ಗೆ ಅಂಟಿಸಿದ ಹಾಳೆಯಲ್ಲಿ ಇವತ್ತು ಬೆಳಿಗ್ಗೆಯೂ ಹನಿಗಳಿದ್ದವು.