ಕೋವಿಯ ಮುರಿದ ಕುತ್ತಿಗೆಗೆ ನಾಲ್ಕು ಅಂಟು, ಒಂದು ಮಳೆಗಾಲ

ನಮ್ಮ ಚಾವಡಿಯ ಗೋಡೆಯಲ್ಲಿ ತೂಗುತ್ತಿದ್ದ ಕೇಪಿನ ಕೋವಿ ಮೂರು ವರ್ಷದ ಹಿಂದೆ ಆಟಿ ತಿಂಗಳ ಒಂದು ರಾತ್ರಿ ಧೊಪ್ಪನೆ ಕೆಳಗೆ ಬಿತ್ತು. ಮೊಳೆ ತುಕ್ಕು ಹಿಡಿದು ಸವೆದಿತ್ತು. ದೀಪ ಹಾಕಿ ನೋಡಿದರೆ ಮರದ ಕತ್ತು, ಎಂದರೆ ಕೈ ಹಿಡಿಯುವ ಸಪೂರ ಜಾಗ, ಓರೆಯಾಗಿ ಸೀಳಿ, ಬುಡದ ಭಾಗ ಬೆರಳಿನಿಂದ ಎಳೆಯುವ ಕುದುರೆಯ ಕಾವಲಿನ ಹಿತ್ತಾಳೆ ಪಟ್ಟಿಯಲ್ಲಷ್ಟೇ ಜೋತಾಡುತ್ತಿತ್ತು.

ಇದು ಬ್ರಿಟಿಷ್ ಸೈನ್ಯದ 1853ರ ಮಾದರಿಯ ಎನ್‌ಫೀಲ್ಡ್. 39 ಅಂಗುಲದ ನಳಿಗೆ, ಅದನ್ನು ಮರಕ್ಕೆ ಬಿಗಿಯುವ ಮೂರು ಬಳೆ, ಸಿಡಿಸುವ ಯಂತ್ರವಾದ ಕೀಲಿನ ತಗಡಿನ ಮೇಲೆ ಕಿರೀಟ, 1859 ಎಂಬ ಇಸವಿ, ಟವರ್ ಎಂಬ ಮುದ್ರೆ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬು ಸವರಿದ ತೋಟೆ ಈ ಮಾದರಿಯದ್ದೇ. ಕೋವಿಯ ಲೈಸೆನ್ಸ್ ಕಾಗದಪತ್ರಗಳಲ್ಲಿ ಮೊದಲ ಸಹಿ ಮಂಗಳೂರಿನದು. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದ ಮೇಲಿನವು ಕಣ್ಣೂರಿನವು, 1984ರ ನಂತರದವು ಕಾಸರಗೋಡಿನವು. ಕೋವಿ ಮಾತ್ರ ಅದೇ ಮೊಳೆಯಲ್ಲಿತ್ತು. ಅಪ್ಪ ಇದ್ದಾಗಲೇ ಅದರ ಕಿವಿಯನ್ನು, ಎಂದರೆ ಕೇಪಿನ ಕಿಡಿ ಒಳಹೋಗುವ ತೂತನ್ನು, ಬೆಸೆದು, ಗುಂಡು ಹಾರದಂತೆ ಮಾಡಿಸಿದ್ದರು.

ಹೊಸ ಮರ ಕೆತ್ತಿಸಿ ಎಂದವರೇ ಹೆಚ್ಚು. ಹಲಸಿನಲ್ಲೋ ತೇಗದಲ್ಲೋ ಚೆಂದವಾಗಿ ಮಾಡಿಕೊಡುವ ಆಚಾರಿಗಳು ನಮ್ಮಲ್ಲಿದ್ದಾರೆ. ಆದರೆ ಬುಡದ ಬಲಬದಿಯಲ್ಲಿ ಸವೆದು ಉಳಿದ ದುಂಡು ಮುದ್ರೆಯನ್ನು ಯಾವ ಉಳಿಯೂ ಮರಳಿ ಕೊಡುವುದಿಲ್ಲ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ನಳಿಗೆ, ಕೀಲು ಎಲ್ಲವನ್ನೂ ಬಿಚ್ಚಿ ಮನೆಯಲ್ಲೇ ಬೀಗ ಹಾಕಿಟ್ಟು, ಬರಿಯ ಮರವನ್ನು ಮಾತ್ರ ಆಚಾರಿಯ ಬಳಿಗೆ ಒಯ್ದೆ. ಅವರು ಮುರಿದ ಬಾಯಿಯನ್ನು ಉಗುರಿನಿಂದ ಗೀರಿ, ಮೂಸಿ, ನಕ್ಕರು. “ಭಟ್ಟರೇ, ಇದಕ್ಕೆ ಅಂಟು ಬೇಡ, ಸಾಬೂನು ಬೇಕು.”

ಅವರು ಹೇಳಿದ್ದೇ ಇಡೀ ಕೆಲಸದ ತಿರುಳು: ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯದು. ಕೋವಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ನಳಿಗೆಗೂ ಕೀಲಿಗೂ ಹಾಕಿದ ಎಣ್ಣೆ ಇಳಿದು ಬಂದು ಕತ್ತಿನಲ್ಲೇ ಮಡುಗಟ್ಟುತ್ತದೆ. ಕೀಲಿಗೂ ಕುದುರೆಗೂ ಕೊರೆದು ಕೊರೆದು ಮರ ಅತಿ ತೆಳುವಾಗಿರುವುದೂ ಅಲ್ಲೇ. ಆ ಚಳಿಗಾಲವಿಡೀ ನನಗೆ ಎಣ್ಣೆ ತೆಗೆಯುವುದೇ ಕೆಲಸ. ಸೀಮೆಸುಣ್ಣದ ಪುಡಿಯನ್ನು ಎಣ್ಣೆ ಕರಗಿಸುವ ಅಸಿಟೋನಿನಲ್ಲಿ ಕಲಸಿ ಮುರಿದ ಬಾಯಿಗೆ ದಪ್ಪಗೆ ಮೆತ್ತಿ, ಅಂಗಳದಲ್ಲಿ ಅಡಿಕೆಯ ಪಕ್ಕದಲ್ಲೇ ಬಿಸಿಲಿಗೆ ಇಡುತ್ತಿದ್ದೆ. ಸಂಜೆಗೆ ಬಿಳಿ ಮುದ್ದೆ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿತ್ತು. ಕೆರೆದು ಮತ್ತೆ ಮೆತ್ತುವುದು. ಹನ್ನೊಂದನೆಯ ಸಲಕ್ಕೆ ಸುಣ್ಣ ಬಿಳಿಯಾಗಿಯೇ ಉಳಿಯಿತು.

ಅಂಟುಗಳನ್ನು ನೇರವಾಗಿ ಕೋವಿಯ ಮೇಲೆ ಪ್ರಯೋಗಿಸುವ ಧೈರ್ಯವಿರಲಿಲ್ಲ. ಕೋವಿಯದು ಅಕ್ರೋಟಿನ ಮರ. ಅದು ನಮ್ಮಲ್ಲೆಲ್ಲಿ ಸಿಗಬೇಕು? ತೇಗದ ತುಂಡುಗಳನ್ನೇ ಓರೆಯಾಗಿ ಸೀಳಿ, ಒಂದೊಂದು ಅಂಟಿಗೆ ಒಂದು ಜೋಡಿಯನ್ನು ಶುಚಿಗೊಳಿಸಿ, ಇನ್ನೊಂದಕ್ಕೆ ಎಣ್ಣೆ ಕುಡಿಸಿ ಅಂಟಿಸಿದೆ. ಪ್ರತಿಯೊಂದಕ್ಕೂ ಐದು ಕಿಲೋ ಕಲ್ಲು ಕಟ್ಟಿ, ಜೂನ್ ಮೊದಲ ವಾರ ಅಟ್ಟದಲ್ಲಿ ತೂಗಿಸಿದೆ.

ಬಡಗಿಗಳ ಬಿಳಿ ಅಂಟು ಮೊದಲು ಬಲು ಗಟ್ಟಿ ಎನಿಸಿತು. ಆದರೆ ನಿಂತ ಭಾರಕ್ಕೆ ಅದು ಮೆಲ್ಲಗೆ ಜಾರುತ್ತದೆ. ನವರಾತ್ರಿಯ ಹೊತ್ತಿಗೆ ಶುಚಿ ಮಾಡಿದ ಜೋಡಿಯೂ ಅಕ್ಕಿಕಾಳಿನಷ್ಟು ಸರಿದಿತ್ತು. ಒಮ್ಮೆ ಅದು ನಾರಿನೊಳಗೆ ಇಳಿದರೆ ಮುಂದೆ ಬೇರೆ ಅಂಟೂ ಹಿಡಿಯುವುದಿಲ್ಲ ಎಂಬುದು ಇದರ ದೊಡ್ಡ ಕೇಡು.

ನನಗೆ ಗೆಲ್ಲಬೇಕೆಂದಿದ್ದದ್ದು ಸರೇಸು. ತೊಗಲನ್ನು ಬೇಯಿಸಿ ತೆಗೆದ ಹಳೆಯ ಅಂಟು. ರಾತ್ರಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಕುದಿಯದಂತೆ ಕಾಯಿಸಬೇಕು. ನಾಳೆ ಯಾರಿಗಾದರೂ ಬಿಚ್ಚಬೇಕೆನಿಸಿದರೆ ಬಿಸಿ, ತೇವ ಕೊಟ್ಟರೆ ಸಾಕು, ಮರಕ್ಕೆ ನೋವಿಲ್ಲದೆ ಬಿಟ್ಟುಕೊಡುತ್ತದೆ. ಹಳೆಯ ವಸ್ತುವಿಗೆ ಇದಕ್ಕಿಂತ ಮರ್ಯಾದೆಯ ಅಂಟಿಲ್ಲ. ಆದರೆ ನಮ್ಮ ಮಳೆಗಾಲ ಆ ತೇವವನ್ನು ತಾನಾಗಿಯೇ ಕೊಟ್ಟುಬಿಟ್ಟಿತು. ಜುಲೈಯಲ್ಲಿ ಹಸಿರು ಬೂಷ್ಟು, ಅದರ ಹಿಂದೆಯೇ ಜಿರಲೆ, ಆಗಸ್ಟಿನಲ್ಲಿ ಕಲ್ಲು ನೆಲಕ್ಕೆ. ಒಣ ಊರಿನವರು ಧಾರಾಳವಾಗಿ ಬಳಸಲಿ.

ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಅಂಟಾದ ಎಪಾಕ್ಸಿಯಲ್ಲಿ ಐದು ನಿಮಿಷದ್ದರ ವಿಷಯ ಬೇಗ ಮುಗಿಯುತ್ತದೆ: ನಾರಿನೊಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ, ಗಡಿಬಿಡಿಯಲ್ಲಿ ಜೋಡಣೆಯೂ ಓರೆಯಾಗುತ್ತದೆ. ರಾತ್ರಿಯಿಡೀ ತೆಗೆದುಕೊಳ್ಳುವ ನಿಧಾನದ ಎಪಾಕ್ಸಿ ಶುಚಿ ಮಾಡಿದ ಜೋಡಿಯಲ್ಲಿ ಅಲುಗಲಿಲ್ಲ. ಎಣ್ಣೆ ಕುಡಿದ ಜೋಡಿಯಲ್ಲಿ ಅದೇ ಅಂಟು ಬಾಳೆಲೆಯ ಮೇಲೆ ಒಣಗಿದ ಹಪ್ಪಳದ ಹಾಗೆ ಹಾಳೆಯಾಗಿ ಎದ್ದು ಬಂತು. ಬಿಚ್ಚಲಾಗದ ಅಂಟು ಎಂಬ ಅಳುಕಿನೊಂದಿಗೇ ಅದನ್ನು ಆರಿಸಿಕೊಂಡೆ.

ಬರಿಯ ಅಂಟನ್ನು ನಂಬದೆ, ಕಾವಲಿನ ಪಟ್ಟಿ ಮುಚ್ಚುವ ಜಾಗದಿಂದ ತೂತು ಕೊರೆದು ಆರು ಮಿಲಿಮೀಟರಿನ ಹಿತ್ತಾಳೆ ಸರಳು ಕೂರಿಸಿದೆವು. ಕಬ್ಬಿಣ ಬೇಡ, ಅಕ್ರೋಟಿನ ಒಗರು ತಾಗಿ ಮರ ಕಪ್ಪಾಗುತ್ತದೆ. ಸರಳಿನ ಉದ್ದಕ್ಕೂ ಅರದಿಂದ ಒಂದು ಗೀರು ಎಳೆದಿರಬೇಕು. ಇಲ್ಲದಿದ್ದರೆ ತೂತಿನೊಳಗೆ ಸಿಕ್ಕಿದ ಗಾಳಿ, ಅಂಟು ಸೇರಿ ಸರಳನ್ನು ಹೊರಗೆ ದೂಡುತ್ತವೆ. ಮೊದಲ ಸಲ ಹಾಗೇ ಆಯಿತು. ಆಚಾರಿ ಬೈದುಕೊಂಡೇ ಎಳೆದು ತೆಗೆದರು. ಕತ್ತಿನ ದುಂಡಿಗೆ ಯಾವ ಹಿಡಿಕಟ್ಟೂ ನಿಲ್ಲುವುದಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಸುತ್ತಿದೆವು. ಸುತ್ತುವ ಮೊದಲು ಹೊರಗೆ ಉಕ್ಕಿದ ಅಂಟನ್ನು ಒರೆಸಿದ್ದೆವು, ಹಾಗಾಗಿ ಮರಳುಕಾಗದ ಮುಟ್ಟಿಸುವ ಪಾಪ ಬರಲಿಲ್ಲ. ಕೊನೆಗೆ ಅಗಸೆ ಎಣ್ಣೆ, ಬೆರಳಲ್ಲಿ ಸವರುವಷ್ಟೇ.

ಇದನ್ನು ನೋಡಿ ನೆರೆಮನೆಯವರು ತಮ್ಮ ತೋಟೆಕೋವಿಯ ಸೀಳಿದ ಮರವನ್ನೂ ತಂದರು. ಅದು ಹಂದಿ ಓಡಿಸಲು ಇರುವ, ಈಗಲೂ ಸಿಡಿಯುವ ಕೋವಿ; ಅದರ ಹಿಂದೊದೆತ ಬೀಳುವುದು ಕತ್ತಿಗೇ, ಕತ್ತಿನ ಹಿಂದೆ ಇರುವುದು ಮನುಷ್ಯನ ಕೆನ್ನೆ. ಲೈಸೆನ್ಸಿರುವ ಕೋವಿ ಅಂಗಡಿಗೇ ಒಯ್ಯಿರಿ ಎಂದು ಹೇಳಿ ಕಳುಹಿಸಿದೆ.

ನಮ್ಮದು ಈಗ ಮೊಳೆಯ ಬದಲು ಎರಡು ಹಲಸಿನ ಗೂಟಗಳ ಮೇಲೆ ಕೂತಿದೆ, ಒಂದು ಮಳೆಗಾಲವನ್ನೂ ಕಳೆದಿದೆ. ಎಡಬದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಆ ಬದಿಯನ್ನು ಗೋಡೆಗೆ ತಿರುಗಿಸಿದ್ದೇನೆ.