ವಿಮಿಯೋ: ಕಲಿಯೋಕೆ ಸೂಪರ್, ಜೇಬಿಗೆ ಸ್ವಲ್ಪ ಭಾರ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮೇಲೆ ಕಾಲೇಜು ಪ್ರಾಜೆಕ್ಟಿಗೆ ಒಂದು ಕಿರು ಸಾಕ್ಷ್ಯಚಿತ್ರ ಮಾಡಿದ್ದೆ. ಅದನ್ನು ಹಾಕೋಕೆ ಅಂತ ವಿಮಿಯೋ ಅನ್ನೋ ವಿಡಿಯೋ ತಾಣ ಸೇರಿದೆ. ಯೂಟ್ಯೂಬ್‌ಗಿಂತ ಮುಂಚೆ, 2004ರಲ್ಲೇ ಶುರುವಾದದ್ದು ಇದು. ವಿಡಿಯೋ ಮಧ್ಯೆ ಜಾಹೀರಾತು ನುಗ್ಗುವುದಿಲ್ಲ. ಭಟ್ಟಿಯ ಹೊಗೆ, ಕತ್ತಲು, ಬೆಂಕಿ ಎಲ್ಲ ಸೇರಿದ ಶಾಟ್ ಓಡುವಾಗ ನಡುವೆ ಸೋಪು ಬಂದರೆ ಹೇಗಿರುತ್ತೆ ಹೇಳಿ!

ಜಾಸ್ತಿ ಹಿಡಿಸಿದ್ದು ಸ್ಟಾಫ್ ಪಿಕ್ಸ್. ಸಿಬ್ಬಂದಿಯೇ ಕೂತು ನೋಡಿ ಆರಿಸುವ ಚಿತ್ರಗಳು. ಬೇರೆ ದೇಶದವರು ಲೈಟ್ ಎಲ್ಲಿಟ್ಟಿದ್ದಾರೆ, ಕಟ್ ಎಲ್ಲಿ ಮಾಡಿದ್ದಾರೆ ಅಂತ ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ, ಕ್ಲಾಸಿಗಿಂತ ಇಲ್ಲೇ ಜಾಸ್ತಿ ಕಲಿತೆ ಅನ್ನಿಸುತ್ತೆ (ನಮ್ಮ ಸರ್ ಇದನ್ನು ಓದದಿರಲಿ).

ಉಚಿತ ಖಾತೆಯಲ್ಲಿ ಜಾಗ ಕಮ್ಮಿ, ಜಾಸ್ತಿ ಬೇಕಂದರೆ ದುಡ್ಡು ಕೊಡಬೇಕು. ಕನ್ನಡದವರೂ ಕಮ್ಮಿ. ಸುಮ್ನೆ ವ್ಯೂಸ್ ಬೇಕು ಅನ್ನುವವರು ಯೂಟ್ಯೂಬ್‌ಗೇ ಹೋಗಿ. ಕೆಲಸ ಕೇಳುವಾಗ ಕಳಿಸೋಕೆ ಅಚ್ಚುಕಟ್ಟಾದ ಲಿಂಕ್ ಬೇಕು ಅಂದರೆ ಇದನ್ನೇ ತಗೊಳ್ಳಿ.