ಒಬ್ಬ ಕೂಗಾಡಿ ಸೋಲುತ್ತಾನೆ, ಇನ್ನೊಬ್ಬ ತುಟಿ ಬಿಚ್ಚದೆ

ಜೂಜುಕೋರನ ಮೇಲೆ ಬಂದ ಸಿನಿಮಾಗಳಲ್ಲಿ ಯಾವುದನ್ನು ನೋಡಲಿ ಎಂದು ತಂಗಿಯ ಮಗ ಕೇಳಿದ. ಹಳೆಯ ನೆನಪನ್ನು ನಂಬಿ ಉತ್ತರಿಸುವುದು ಬೇಡವೆನಿಸಿ ಎರಡನ್ನು ಒಂದೇ ವಾರದಲ್ಲಿ ಮತ್ತೆ ನೋಡಿದೆ: 2019ರ ‘ಅನ್‌ಕಟ್ ಜೆಮ್ಸ್’ ಮತ್ತು 2003ರ ‘ಓನಿಂಗ್ ಮಹೋನಿ’. 1974ರ ‘ದಿ ಗ್ಯಾಂಬ್ಲರ್’ ಕೂಡ ಪಟ್ಟಿಯಲ್ಲಿತ್ತು. ಅದರ ನಾಯಕ ಸಾಹಿತ್ಯದ ಮೇಷ್ಟ್ರು, ದಸ್ತಯೆವ್‌ಸ್ಕಿಯ ಪಾಠ ಹೇಳುತ್ತಲೇ ತನ್ನ ಚಟಕ್ಕೂ ವ್ಯಾಖ್ಯಾನ ಬರೆದುಕೊಳ್ಳುವವನು. ಅದನ್ನು ಅಲ್ಲಿಗೇ ಬಿಟ್ಟೆ.

‘ಅನ್‌ಕಟ್ ಜೆಮ್ಸ್’ ನಡೆಯುವುದು ನ್ಯೂಯಾರ್ಕಿನ 47ನೇ ಬೀದಿಯ ವಜ್ರದ ಪೇಟೆಯಲ್ಲಿ. ಆಡಮ್ ಸ್ಯಾಂಡ್ಲರ್‌ನ ಹೋವರ್ಡ್ ನೆಂಟನಿಗೇ 1 ಲಕ್ಷ ಡಾಲರ್ ಬಾಕಿದಾರ. ಇಥಿಯೋಪಿಯಾದಿಂದ ತರಿಸಿದ ಕಪ್ಪು ಓಪಲ್ ಕಲ್ಲನ್ನು ನೋಡಿ ಮನಸೋತ ಬಾಸ್ಕೆಟ್‌ಬಾಲ್ ಆಟಗಾರ ಕೆವಿನ್ ಗಾರ್ನೆಟ್ (ತಾನೇ ತಾನಾಗಿ ನಟಿಸಿದ್ದಾನೆ) ಅದನ್ನು ಎರವಲು ಒಯ್ಯುತ್ತಾನೆ, ಭರವಸೆಗೆ ತನ್ನ ಚಾಂಪಿಯನ್‌ಷಿಪ್ ಉಂಗುರ ಬಿಟ್ಟುಹೋಗುತ್ತಾನೆ. ಹೋವರ್ಡ್ ನೇರವಾಗಿ ಗಿರವಿ ಅಂಗಡಿಗೆ ಹೋಗಿ ಆ ಉಂಗುರವನ್ನಿಟ್ಟು, ಬಂದ ಹಣವನ್ನು ಗಾರ್ನೆಟ್‌ನ ಆಟದ ಮೇಲೆಯೇ ಕಟ್ಟುತ್ತಾನೆ. ಇಷ್ಟು ಸಾಕು, ಆಸಾಮಿ ಎಂಥವನೆಂದು ಗೊತ್ತಾಗಲು.

ಆದರೆ ನನ್ನ ಬೆವರಿಳಿಸಿದ್ದು ಬಾಜಿಯಲ್ಲ, ಹೋವರ್ಡ್‌ನ ಒಡವೆ ಅಂಗಡಿಯ ಬಾಗಿಲು. ಒಳಗಿನಿಂದ ಗುಂಡಿ ಒತ್ತಿದರೆ ಮಾತ್ರ ತೆರೆಯುವ ಜೋಡಿ ಬಾಗಿಲು ಅದು. ಒಮ್ಮೆ ಅದು ಕೈಕೊಟ್ಟು ಗಾರ್ನೆಟ್ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಾನೆ. ಬಝರ್ ಕಿರ್ರೆನ್ನುತ್ತಲೇ ಇರುತ್ತದೆ, ಎಲ್ಲರೂ ಒಟ್ಟಿಗೆ ಅರಚುತ್ತಾರೆ. ಕೆಟ್ಟುನಿಂತ ಬಾಗಿಲಿಗೆ ಎದೆ ಇಷ್ಟು ಹೊಡೆದುಕೊಳ್ಳಬೇಕೇ? ಮೊದಲ ಸಲ ಸಬ್‌ಟೈಟಲ್ ಓದುತ್ತಾ ಸ್ಯಾಂಡ್ಲರ್‌ನ ಮುಖವನ್ನೇ ತಪ್ಪಿಸಿಕೊಂಡಿದ್ದೆ. ಈ ಸಲ ಅದನ್ನು ತೆಗೆದುಹಾಕಿದೆ. ಅರ್ಧ ಮಾತು ತಿಳಿಯಲಿಲ್ಲ, ದಿಗಿಲು ಮಾತ್ರ ಪೂರ್ತಿ ತಿಳಿಯಿತು. ನನ್ನಾಕೆ ಮುಕ್ಕಾಲು ಗಂಟೆಗೆ ಎದ್ದು ಹೋದಳು.

‘ಮಹೋನಿ’ಗೆ ಅವಳು ಕೊನೆಯವರೆಗೆ ಕುಳಿತಳು. ಟೊರಾಂಟೊ ಬ್ಯಾಂಕೊಂದರ ನೌಕರ ಒಂದೂವರೆ ವರ್ಷದಲ್ಲಿ 1 ಕೋಟಿ ಡಾಲರಿಗೂ ಹೆಚ್ಚು ಲಪಟಾಯಿಸಿ ಜೂಜಿಗೆ ಸುರಿದ ನಿಜ ಪ್ರಕರಣ ಇದರ ಮೂಲ. ಫಿಲಿಪ್ ಸೀಮೋರ್ ಹಾಫ್‌ಮನ್‌ನ ಮಹೋನಿಗೆ ದಪ್ಪ ಕನ್ನಡಕ, ಅಗ್ಗದ ಸೂಟು. ದೊಡ್ಡ ಗಿರಾಕಿಯನ್ನು ಖುಷಿಪಡಿಸಲು ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ತುದಿಗಾಲಲ್ಲಿ ನಿಂತಿದ್ದರೆ, ಅವನು ಕೇಳುವುದು ಸಾಸ್ ಹಾಕದ ಮಾಂಸ, ಒಂದು ಕೋಕ್. ಗೆದ್ದಾಗಲೂ ನಗುವುದಿಲ್ಲ. ಕ್ಯಾಮೆರಾದಲ್ಲಿ ಅವನನ್ನು ಗಮನಿಸುವ ವ್ಯವಸ್ಥಾಪಕನಾಗಿ ಜಾನ್ ಹರ್ಟ್ ಇದ್ದಾನೆ, ಕೊಬ್ಬಿದ ಕುರಿಯನ್ನು ನೋಡುವ ಕಟುಕನ ಪ್ರೀತಿ ಅವನ ಕಣ್ಣಲ್ಲಿ. ಪೊಲೀಸರ ದೃಶ್ಯಗಳು ಮಾತ್ರ ಸಪ್ಪೆ, ಟೀವಿ ಧಾರಾವಾಹಿಯಂತೆ.

ಬಿಗುವಿಗೆ ‘ಅನ್‌ಕಟ್ ಜೆಮ್ಸ್’ ಮುಂದೆ, ಅದರಲ್ಲಿ ಚೌಕಾಸಿಯಿಲ್ಲ. ಆದರೆ ಹೋವರ್ಡ್‌ಗೆ ಗೆಲುವಿನ ಸಂಭ್ರಮವಾದರೂ ಇದೆ, ಹಾಗಾಗಿ ಅವನ ಜೊತೆ ನಾನೂ ಬಾಜಿ ಕಟ್ಟಿಬಿಟ್ಟೆ. ಮಹೋನಿಯ ಪಕ್ಕದಲ್ಲಿ ಹಾಗೆ ಕೂರಲಾಗದು. ಹುಡುಗನಿಗೆ ‘ಮಹೋನಿ’ಯನ್ನೇ ಮೊದಲು ನೋಡು ಎಂದೆ.

ಅದರ ಕೊನೆಯಲ್ಲಿ ಮನೋವೈದ್ಯ ಕೇಳುತ್ತಾನೆ: ಜೂಜಿನ ರೋಮಾಂಚನಕ್ಕೆ ನೂರರಲ್ಲಿ ಎಷ್ಟು ಅಂಕ? ನೂರು ಎನ್ನುತ್ತಾನೆ ಮಹೋನಿ. ಜೂಜು ಬಿಟ್ಟು ಬೇರೆ ಯಾವುದರಲ್ಲಾದರೂ ಸಿಕ್ಕಿದ್ದು? ಸ್ವಲ್ಪ ಯೋಚಿಸಿ ಹೇಳುತ್ತಾನೆ, ಇಪ್ಪತ್ತು.